ಮೊಮ್ಮಗಳು ಕಡಲಿಗಿಳಿದ ದೀಪಾವಳಿ

ನನ್ನ ಮೊಮ್ಮಗಳು ಮೀನುಗಳ ವಂಶಾವಳಿ ಬರೆಯುತ್ತಾಳೆ. ಹೌದು, ಮೀನುಗಳದ್ದೇ. ಯಾವ ಮೀನಿಗೆ ಯಾವುದು ಅಣ್ಣತಮ್ಮ, ಯಾವ ಮನೆತನ ಒಡೆದು ಎರಡಾಯಿತು, ಯಾರದು ಬರೀ ಬಣ್ಣದ ಹೋಲಿಕೆ, ಯಾರದು ರಕ್ತದ ನಂಟು, ಇದನ್ನೆಲ್ಲ ಹುಡುಕಿ ತೆಗೆಯುವುದು ಅವಳ ಓದು. ಇದನ್ನು ಹೇಳುವಾಗ ನನಗೆ ಸೆರಗಿನ ಮೇಲೆ ಎಚ್ಚರ ಇರುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವವರಿಗೂ ಹೇಳಿ ಬರುತ್ತೇನೆ. ಆದರೆ ಈ ಸಂತೋಷ ನನಗೆ ಹೆದರಿ ಹೆದರಿ ಸಿಕ್ಕಿದ್ದು. ಆ ಹೆದರಿಕೆಯನ್ನು ಹೇಳದೆ ಬರೀ ಸಂತೋಷ ಹೇಳಿದರೆ ಉಪ್ಪಿಲ್ಲದ ಸಾರು ಬಡಿಸಿದಂತೆ.

ನಾನು ಸವಣೂರಿನವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟೆ; ಅಪ್ಪನ ಎಲೆತೋಟದಲ್ಲಿ ಬಳ್ಳಿ ಕಟ್ಟುವ ಕೈ ಬೇಕಾಗಿತ್ತು. ಲಗ್ನವಾಗಿ ಹಾನಗಲ್ಲಿಗೆ ಬಂದೆ. ಮಗಳನ್ನು ಹಿರೇಕೆರೂರು ತಾಲೂಕಿನ ಮಾಸೂರಿಗೆ ಕೊಟ್ಟೆವು, ಸೊಸೆಯನ್ನು ಶಿಗ್ಗಾವಿಯಿಂದ ತಂದುಕೊಂಡೆವು. ಹೀಗಾಗಿ ಈ ನಾಲ್ಕೂ ತಾಲೂಕಿನ ನಮ್ಮ ಮಂದಿಯಲ್ಲಿ ಯಾರಿಗೆ ಯಾರು ಏನಾಗಬೇಕು ಎನ್ನುವುದು ನನಗೆ ಬಾಯಿಪಾಠ. ಹುಡುಗಿ ನೋಡಲು ಹೋಗುವ ಮೊದಲು, ಎರಡೂ ಮನೆಯ ಬೆಡಗು ಒಂದೇ ಆಗುವುದಿಲ್ಲವಲ್ಲ ಎಂದು ನಮ್ಮ ಕಟ್ಟೆಗೆ ಬಂದು ಕೇಳಿ ಹೋಗುವವರಿದ್ದಾರೆ. ಒಂದೇ ಬೆಡಗು ಎಂದರೆ ಒಂದೇ ಬೇರಿನವರು, ಅಣ್ಣತಂಗಿ ಆಗಬೇಕು, ಲಗ್ನ ಕೂಡದು. ಮೊಮ್ಮಗಳಿಗೆ ಈ ಚಟ ನನ್ನಿಂದಲೇ ಇಳಿದಿದೆ ಎಂದು ನನ್ನ ವಾದ. ಆದರೆ ನನ್ನ ಬೀಗರು ಬಸ್ಸು ಹತ್ತಿದರೆ ಸಿಗುತ್ತಾರೆ. ಅವಳ ಬೀಗರು ಕಡಲಿನ ಅಡಿಯಲ್ಲಿದ್ದಾರೆ.

ಅವಳು ತೊಟ್ಟಿಲಲ್ಲಿದ್ದಾಗ ಮಾಸೂರಿಗೆ ಬಂದ ಅಯ್ಯನವರು ಪಂಚಾಂಗ ನೋಡಿ, ಕೂಸಿಗೆ ನೀರಿನ ಕಂಟಕ ಇದೆ, ಜೋಪಾನ ಎಂದಿದ್ದರು. ಮಗಳ ಮನೆಯಿಂದ ಹೊರಗೆ ಕಾಲಿಟ್ಟರೆ ಮದಗದ ಕೆರೆ. ನನಗೆ ನಿದ್ದೆ ಹತ್ತಲಿಲ್ಲ. ಕೂಸು ಅಡಿ ಇಡಲು ಕಲಿತದ್ದೇ ತಡ, ಹಾನಗಲ್ಲಿಗೆ ಎತ್ತಿಕೊಂಡು ಬಂದುಬಿಟ್ಟೆ.

"ಮಾಸೂರಾಗ ಕೆರಿ ಐತಿ ಅಂತ ಇಲ್ಲಿಗೆ ತಂದಿ. ಇಲ್ಲೇನು ಆನಿಕೆರಿ ಬತ್ತಿ ಹೋಗೇತೇನು?" ಎಂದು ನಮ್ಮ ಮನೆಯವರು ನಕ್ಕರು.

"ಇಲ್ಲಿ ನಾ ಅದೇನಿ," ಎಂದೆ.

ನಾನಿದ್ದೆ, ಖರೆ. ಬಚ್ಚಲ ಹಂಡೆಯ ಹತ್ತಿರ ಕೂಡ ಒಬ್ಬಳನ್ನೇ ಬಿಡಲಿಲ್ಲ. ಆದರೆ ಮಕ್ಕಳು ಬೆಳೆಯುತ್ತಾರೆ. ಕಾಲೇಜಿಗೆಂದು ಕಡಲ ಕಡೆಯ ಊರಿಗೆ ಹೋದಳು, ಅಲ್ಲಿ ಈಜು ಕಲಿತಳು, ಆಮೇಲೆ ಮುಳುಗುವುದನ್ನೂ ಕಲಿತಳು. ಮುಳುಗುವುದನ್ನು ಕಲಿಯಲು ಫೀ ಕಟ್ಟುತ್ತಾರೆ ಎಂದು ಕೇಳಿದ ದಿನ ನಾನು ರೊಟ್ಟಿ ಮುಟ್ಟಲಿಲ್ಲ.

ಮೊನ್ನೆಯ ದಸರೆಗೆ ಬಂದಾಗ ಪಡಸಾಲೆಯ ಕಲ್ಲಿನ ಮೇಲೆ ಬಳಪದಿಂದ ಗೀಟು ಎಳೆದು ಕುಳಿತಳು. ಕೆಳಗೆ ಒಂದು ಗೀಟು, ಅದು ಒಡೆದು ಎರಡು, ಎರಡರಲ್ಲಿ ಒಂದು ಮತ್ತೆ ಒಡೆದು ಕವಲು ಕವಲು. ನಮ್ಮಲ್ಲಿ ತಾಯಿಗೆ ಅವ್ವ ಎನ್ನುತ್ತಾರೆ, ಅಜ್ಜಿಗೆ ಅಮ್ಮ. ಅವಳೂ ನನ್ನನ್ನು ಹಾಗೇ ಕರೆಯುವುದು.

"ಇದು ಬುಡ, ಅಮ್ಮಾ. ಈ ಬುಡದಾಗಿದ್ದ ಮೀನು ಈಗಿಲ್ಲ. ಅದರ ಮಕ್ಕಳ ಮಕ್ಕಳು ಒಂದೊಂದು ಕಡಲಿಗೆ ಒಂದೊಂದು ಟೊಂಗಿ ಆಗಿ ಹೋದ್ವು. ಎಲ್ಲಾ ಸೇರಿ ಒಂದು ಕುಲ. ಡ್ಯಾಸಿಲಸ್ ಅಂತಾರ. ಡ್ಯಾಮ್ಸೆಲ್ ಮೀನಿನ ದೊಡ್ಡ ಮನಿತನದಾಗ ಇದೊಂದು ಸಣ್ಣ ಮನಿ."

"ಮೀನಿಗೂ ಕುಲ ಐತೇನು?" ಅಡಿಕೆ ಕತ್ತರಿಸುತ್ತಿದ್ದ ನಮ್ಮ ಮನೆಯವರು ಕೈ ನಿಲ್ಲಿಸಿದರು. "ಮತ್ತ ಬೆಡಗು?"

"ಅದನ್ನ ಹುಡುಕಾಕ ಹೊಂಟೇನಿ, ಅಜ್ಜಾ."

ಫೋನಿನಲ್ಲಿ ಚಿತ್ರ ತೋರಿಸಿದಳು. ಹೆಬ್ಬೆರಳಿನಷ್ಟು ಮೀನು, ಬೆಳ್ಳಗಿನ ಮೈ, ಮೇಲಿಂದ ಕೆಳಗೆ ಮೂರು ಕಪ್ಪು ಪಟ್ಟೆ. ವಿಭೂತಿ ಹಚ್ಚಿಕೊಂಡ ಹಾಗೇ ಇತ್ತು, ದಿಕ್ಕೂ ಬಣ್ಣವೂ ಮಾತ್ರ ಉಲ್ಟಾ. ಇನ್ನೊಂದು ಕರ್ರಗೆ, ಹಣೆಗೊಂದು ಬಿಳಿ ಬೊಟ್ಟು, ಎರಡೂ ಮಗ್ಗುಲಿಗೆ ಒಂದೊಂದು. ಅದೂ ಇದೇ ಕುಲದ್ದಂತೆ.

"ಈ ಮೂರು ಪಟ್ಟಿಯದು ನಮ್ಮ ಕಡಿ ಕಡಲಾಗೂ ಐತಿ, ದೂರದ ಮೂಡಲ ಕಡಲಾಗೂ ಐತಿ. ಬಾಳ ವರ್ಷ ಎರಡೂ ಒಂದ ಅಂತ ತಿಳಕೊಂಡಿದ್ರು. ರಕ್ತ ನೋಡಿದ್ರ ಹಂಗ ಕಾಣೂದಿಲ್ಲ ಅಂತ ಈಗ ಅಂತಾರ. ನಮ್ಮ ಲಕ್ಷದ್ವೀಪದಾಗಿನವು ಯಾವ ಟೊಂಗಿಗೆ ಸೇರತಾವು ಅನ್ನೂದನ್ನ ನಾ ನೋಡಬೇಕು."

"ಅದರಾಗೇನೈತಿ? ವಿಭೂತಿ ಹಚ್ಚಿದವರೆಲ್ಲಾ ಒಂದ ಮನಿಯವರೇನು?" ಎಂದೆ. ಅವಳು ಬಳಪ ಬಿಸಾಡಿ ನನ್ನ ಕೊರಳಿಗೆ ಜೋತುಬಿದ್ದಳು.

ಪಕ್ಕದ ಮನೆಯಾಕೆ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಅವಳೂ ನನ್ನ ತವರೂರು ಸವಣೂರಿನವಳೇ, ಮುಸಲ್ಮಾನರ ಮನೆ ಮಗಳು. ಗಂಡ ತೀರಿದ ಮೇಲೆ ಬಳೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಾಳೆ. ಈ ಮೀನಿನ ಗುಂಪಿನಲ್ಲಿ ದೊಡ್ಡ ಗಂಡು ಸತ್ತರೆ ಇದ್ದವುಗಳಲ್ಲಿ ದೊಡ್ಡ ಹೆಣ್ಣು ತಾನೇ ಗಂಡಾಗಿಬಿಡುತ್ತದೆ ಎಂದು ಮೊಮ್ಮಗಳು ಹೇಳಿದಾಗ, ಆಕೆ ತೊಡೆ ತಟ್ಟಿ ನಕ್ಕಳು.

"ಅಲ್ಲವಾ, ಇದಕ್ಕ ಕಡಲಿಗ್ಯಾಕ ಹೋಗ್ತಿ? ನಮ್ಮನಿಗೆ ಬಾ. ಅವರು ಹೋದ ಮ್ಯಾಲ ನಾನ ಗಂಡಸು!"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಅರ್ಧಕ್ಕೆ ನಿಂತಿತು. "ಬೆಸ್ತರಿಗೆ ಹೇಳಿದ್ರ ಹಿಡದು ಕೊಡೂದಿಲ್ಲೇನು?"

"ಇವು ಹವಳದ ಟೊಂಗಿಯೊಳಗ ಇರತಾವು, ಅಮ್ಮಾ. ಮ್ಯಾಲೆ ನೆರಳು ಬಿದ್ರ ಸಾಕು, ಎಲ್ಲಾ ಒಮ್ಮೆಲೆ ಒಳಗ ಹೊಕ್ಕೋತಾವು. ಬಲಿಗೆ ಸಿಗೂದು ಕಷ್ಟ. ನಾವ ಇಳದು, ರೆಕ್ಕಿ ತುದಿ ಇಷ್ಟ ಕತ್ತರಿಸಿಕೊಂಡು ಬಿಟ್ಟುಬಿಡೂದು. ಅದು ಮತ್ತ ಬೆಳೀತೈತಿ."

"ಎಷ್ಟ ಆಳ?"

"ನಮ್ಮ ತ್ವಾಟದ ಬಾವಿಯಷ್ಟ."

ಆ ಬಾವಿಯ ಆಳ ನನಗೆ ಗೊತ್ತು. ಕೊಡ ಬಿದ್ದರೆ ಪಾತಾಳಗರಡಿ ಹಾಕಿ ಅರ್ಧ ದಿನ ತಡಕಾಡಬೇಕು. "ಉಸಿರು?"

"ಬೆನ್ನಿಗೆ ಗಾಳಿ ಸಿಲಿಂಡರ್ ಇರತೈತಿ."

ಸಿಲಿಂಡರ್ ಖಾಲಿಯಾಗುವುದು ಹೇಗೆ ಎನ್ನುವುದು ಅಡುಗೆ ಮಾಡುವವರಿಗೆ ಗೊತ್ತು. ಹೋಳಿಗೆ ಅರ್ಧ ಬೆಂದಿರುವಾಗಲೇ ಖಾಲಿಯಾಗುತ್ತದೆ. ನಾನು ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಇಳಿಯುವ ದಿನ ಮೊದಲೇ ತಿಳಿಸಬೇಕು, ಮೇಲೆ ಬಂದ ಕೂಡಲೇ ಫೋನ್ ಮಾಡಬೇಕು ಎಂದು ಮಾತ್ರ ಆಣೆ ಹಾಕಿಸಿಕೊಂಡೆ.

ಇಳಿಯುವ ದಿನ ತಿಳಿಸುವ ಫೋನು ಬಂದದ್ದು ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ. ನಾನೂ ಸೊಸೆಯೂ ಹಂಡೆ ತಿಕ್ಕಿ ಬೆಳಗಿ, ಹೊಸ ನೀರು ತುಂಬಿ, ಅದರ ಕೊರಳಿಗೆ ಹಿಂಡಲಕಾಯಿ ಎಂಬ ಕಹಿ ಕಾಯಿಯ ಬಳ್ಳಿ ಕಟ್ಟುತ್ತಿದ್ದೆವು. ಮರುದಿನ ಬೆಳಗಾಗುವುದರೊಳಗೆ ಎಲ್ಲರೂ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳಬೇಕು, ಅದು ಶಾಸ್ತ್ರ.

"ಅಮ್ಮಾ, ನಾಳೆ ಮುಂಜಾನೆ ಇಳೀತೇವಿ. ಮಧ್ಯಾಹ್ನದೊಳಗ ಫೋನ್ ಮಾಡ್ತೇನಿ."

"ನಾಳೆ ಹಬ್ಬ ಐತಲ್ಲ, ತಂಗಿ."

"ಕಡಲು ನಾಳೆ ತಿಳಿ ಇರತೈತಂತ. ಮೀನಿಗೆ ಹಬ್ಬ ಗೊತ್ತಿಲ್ಲ," ಎಂದು ನಕ್ಕು ಇಟ್ಟುಬಿಟ್ಟಳು.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಮನೆಯ ಮಂದಿ ಯಾರಾದರೂ ದೂರ ಹೊರಟರೆ, ಅವರು ಮುಟ್ಟಿದ ಸುದ್ದಿ ಬರುವ ತನಕ ಹಿಂದಿನಿಂದ ಕಸ ಗುಡಿಸಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು. ಗುಡಿಸಿದರೆ ಹೋದವರನ್ನೇ ಹೊರಗೆ ಹಾಕಿದಂತೆ, ನೀರು ಹಾಕಿಕೊಂಡರೆ ಅವರನ್ನು ತೊಳೆದುಕೊಂಡಂತೆ. ನನ್ನ ಅತ್ತೆ ಇದನ್ನು ಬಿಟ್ಟವರಲ್ಲ, ನಾನೂ ಬಿಟ್ಟಿಲ್ಲ. ಬಸ್ಸಿನಲ್ಲಿ ಶಿಗ್ಗಾವಿಗೆ ಹೋದವರಿಗೇ ಇಷ್ಟು ಇರುವಾಗ ಕಡಲಿನ ತಳಕ್ಕೆ ಹೋದ ಕೂಸಿಗೆ ಎಷ್ಟಿರಬೇಡ?

ಹಬ್ಬದ ದಿನ ಸೊಸೆ ಎದ್ದು ಕಸಬರಿಗೆಗೆ ಕೈ ಹಾಕಿದಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಅತ್ತೀ, ಇವತ್ತ ಹಬ್ಬರಿ. ಅಂಗಳಾ ಹಿಂಗ ಬಿಟ್ರ ಮಂದಿ ಏನಂದಾರು?"

"ಏನರ ಅನ್ಲಿ. ಅಕಿ ನೀರಿನಿಂದ ಮ್ಯಾಲೆ ಬರೂ ತನಕ ಕಸಬರಗಿ ಮುಟ್ಟಬ್ಯಾಡ."

"ನೀರೊಲಿನರ ಹಚ್ಚಲೇನ್ರಿ?"

"ಅದೂ ಬ್ಯಾಡ."

ಮಗ ಎಣ್ಣೆಯ ಬಟ್ಟಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಗೋವಿನಜೋಳದ ರಾಶಿಯ ನೆಪ ಹೇಳಿ ಹೊಲಕ್ಕೆ ಹೋದ. ಸಿಕ್ಕಿಬಿದ್ದವರು ನಮ್ಮ ಮನೆಯವರು. ಎದ್ದವರೇ ತಾವಾಗಿ ಮೈತುಂಬ ಎಣ್ಣೆ ಬಳಿದುಕೊಂಡು, ಬರೀ ಪಂಚೆಯಲ್ಲಿ ಮಣೆಯ ಮೇಲೆ ಕುಳಿತಿದ್ದರು.

"ಎಣ್ಣ್ಯಾಗ ಬಿಟ್ಟ ಬಜಿ ಆಗೇನಿ," ಎಂದರು. "ಯಾವಾಗ ತಗೀತಿ?"

"ಮಧ್ಯಾಹ್ನಕ್ಕ."

ನಗಿಸಲು ನೋಡಿದರು, ನನಗೆ ಗೊತ್ತು. ಅವರ ಕಣ್ಣೂ ಫೋನಿನ ಮೇಲೇ ಇತ್ತು.

ಫೋನನ್ನು ದೇವರ ಮುಂದೆ ಇಟ್ಟು ಕುಳಿತೆ. ಕಣ್ಣು ಮುಚ್ಚಿದರೆ ನೀಲಿ ನೀರು. ಅದರಲ್ಲಿ ಕೈಕಾಲು ಬಡಿಯುತ್ತ ಇಳಿಯುವ ಒಂದು ನೆರಳು. ನೆರಳು ಕಂಡ ಕೂಡಲೇ ಮೀನುಗಳೆಲ್ಲ ಹವಳದೊಳಗೆ ಹೊಕ್ಕುಬಿಡುತ್ತವೆ, ಅವಕ್ಕೆ ಮನೆಯಿದೆ. ನನ್ನ ಕೂಸಿಗಿಂತ ದೊಡ್ಡದಾದ ನೆರಳು ಬಂದರೆ ಅವಳು ಯಾವ ಟೊಂಗೆಯೊಳಗೆ ಹೊಗಬೇಕು? ಅಯ್ಯನವರ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಬಾಯಿ ಒಣಗಿತು. ಕುಡಿಯಲೆಂದು ತಂಬಿಗೆ ಎತ್ತಿದೆ, ನೀರು ನೋಡಿ ಕೆಳಗಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯಾಕೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ, ಕಣ್ಣು ಕೆಂಪಗಾಗಿವೆ.

"ಅಕ್ಕಾ," ಎಂದಳು ಮೆಲ್ಲಗೆ, "ಯಾರು?"

"ಏನ ಯಾರು?"

"ಯಾರು ಹೋದ್ರು?"

ಆಗ ನನಗೆ ನಮ್ಮ ಅಂಗಳ ಕಂಡಿತು. ಓಣಿಯ ಎಲ್ಲ ಮನೆಯ ಮುಂದೆ ಸಾರಣೆ, ರಂಗೋಲಿ, ಬಚ್ಚಲಿನ ಹೊಗೆ. ನಮ್ಮದೊಂದೇ ಮನೆಯ ಮುಂದೆ ನಿನ್ನೆಯ ಕಸ, ಅರೆ ಮುಚ್ಚಿದ ಬಾಗಿಲು, ಒಲೆ ಹೊತ್ತಿಲ್ಲ, ಮನೆಯ ಯಜಮಾನ ಅಂಗಿಯಿಲ್ಲದೆ ಮಣೆಯ ಮೇಲೆ. ಹಬ್ಬದ ದಿನ ನಮ್ಮೂರಿನಲ್ಲಿ ಹೀಗೆ ಕಾಣುವುದು ಸಾವಾದ ಮನೆ ಮಾತ್ರ.

ವಿಷಯ ತಿಳಿಸಿದೆ. ಆಕೆ ಹಣೆ ಬಡಿದುಕೊಂಡಳು. "ನಿನ್ನ ಶಾಸ್ತ್ರಕ್ಕ ಬೆಂಕಿ ಹಚ್ಚ! ಜೀವಾ ಹೋಗಿತ್ತಲ್ಲ ನಂದು. ಮೂಲಿಮನಿಯಾಕಿ ಆಗಲೇ ಕಣ್ಣೀರ ಒರಸಿಕೊಂಡ ಹೋದ್ಲು." ಬಯ್ದಳು, ಆದರೆ ಹೋಗಲಿಲ್ಲ. ಅಂಗಡಿಗೆ ಬೀಗ ಹಾಕಿ ಬಂದು ನನ್ನ ಮಗ್ಗುಲಿಗೇ ಕುಳಿತಳು.

ಮಧ್ಯಾಹ್ನ ಆಯಿತು. ಫೋನು ಬರಲಿಲ್ಲ. ನಾವೇ ಹಚ್ಚಿದರೆ ಸಿಗುತ್ತಿಲ್ಲ ಎಂದು ಹೆಣ್ಣು ದನಿ ಹೇಳುತ್ತಿತ್ತು. ನೆರಳು ಮೂಡಲಿಗೆ ವಾಲಿತು. ಹಂಡೆಯ ಬಳ್ಳಿ ಬಾಡಿತು. ಸೊಸೆಯೂ ಗೊಣಗುವುದನ್ನು ಬಿಟ್ಟು ಬಾಗಿಲ ಬಳಿ ಮೊಣಕಾಲು ಅಪ್ಪಿ ಕುಳಿತಳು.

ಆಗ ಫೋನು ಹೊಡೆದುಕೊಂಡಿತು. ಮಾಸೂರಿನಿಂದ, ನನ್ನ ಮಗಳು. ಹಡೆದ ತಾಯಿ. ಮೊದಲು ಬರೀ ಅಳು. "ಅವ್ವಾ... ನನ್ನ ಮಗಳು... ಹೋಗಿಬಿಟ್ಲಂತಲ್ಲವಾ..."

ನನ್ನ ಕೈಯಿಂದ ಫೋನು ಜಾರಿತು. ದ್ವೀಪದವರು ಮೊದಲು ತಾಯಿಗೆ ತಿಳಿಸಿದ್ದಾರೆ ಎಂದುಕೊಂಡೆ. ಅಳು ಬರಲಿಲ್ಲ. ಅವಳ ಜೊತೆ ಮಾಸೂರಿನಿಂದ ತಂದ ತೊಟ್ಟಿಲು ಅಟ್ಟದ ಮೇಲಿದೆ, ಅದನ್ನು ಯಾರಿಗೂ ಕೊಡಬಾರದು ಎಂಬ ಒಂದೇ ಯೋಚನೆ ತಿರುತಿರುಗಿ ಬಂದಿತು. ನಮ್ಮ ಮನೆಯವರು ಎದ್ದು ಗೋಡೆ ಹಿಡಿದು ನಿಂತರು. ಎಣ್ಣೆಯ ಅಂಗೈ ಗೋಡೆಯ ಮೇಲೆ ಜಾರುತ್ತಿತ್ತು.

ಫೋನು ಎತ್ತಿಕೊಂಡವಳು ಪಕ್ಕದ ಮನೆಯಾಕೆ.

"ತಂಗಿ, ಅಳೂದ ನಿಲ್ಲಸು. ಯಾರು ಹೇಳಿದ್ರು ನಿನಗ?"

ಮಾಸೂರಿನ ಬಾಜೂ ಮನೆಯವರು ಎಂದಳು ಮಗಳು.

"ಅವರಿಗ್ಯಾರು ಹೇಳಿದ್ರು? ಕೇಳು. ಅಲ್ಲೇ ಅದಾರಲ್ಲ, ಕೇಳು."

ಆ ಕಡೆ ಗದ್ದಲ. ಬಾಜೂ ಮನೆಯವರಿಗೆ ಅವರ ಮಗಳು ಹೇಳಿದ್ದಳು. ಆ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ? ಹಾನಗಲ್ಲಿಗೆ. ಹಾನಗಲ್ಲಿನಲ್ಲಿ ಎಲ್ಲಿ? ನಮ್ಮದೇ ಓಣಿಯ ಮೂಲೆಮನೆಗೆ. ಆಕೆಗೆ ಯಾರು ಹೇಳಿದರು? ಯಾರೂ ಹೇಳಿಲ್ಲ. ನಮ್ಮ ಅಂಗಳ ನೋಡಿದ್ದಳು. ಆ ಮನೆಯಲ್ಲಿ ಕಸ ಗುಡಿಸಿಲ್ಲ, ನೀರು ಕಾಸಿಲ್ಲ, ಏನೋ ಆಗಿದೆ ಎಂದು ತವರಿಗೆ ತಿಳಿಸಿದಳು. ತನ್ನ ಕೂಸು ಅಂದು ಕಡಲಿಗಿಳಿಯುವುದು ಗೊತ್ತಿದ್ದ ನನ್ನ ಮಗಳು ಉಳಿದದ್ದನ್ನು ತಾನೇ ತುಂಬಿಕೊಂಡಳು.

"ಕೇಳಿದ್ಯಾ ಅಕ್ಕಾ?" ಎಂದಳು ಆಕೆ, ಫೋನನ್ನು ಎದೆಗೆ ಒತ್ತಿಕೊಂಡು. "ಮಾಸೂರಿಂದ ಬಂದ ಸುದ್ದಿ ಹುಟ್ಟಿದ್ದು ನಿನ್ನ ಹೊಸ್ತಿಲದಾಗ. ಎರಡಲ್ಲ, ಒಂದ ಬುಡ."

ಸುದ್ದಿ ಸುಳ್ಳು ಎಂದು ಗೊತ್ತಾಯಿತು. ಆದರೆ ಕೂಸು ಮೇಲೆ ಬಂದಿದ್ದಾಳೆ ಎಂದು ಯಾರೂ ಹೇಳಿರಲಿಲ್ಲ. ಮಗಳು ಆ ಕಡೆ ಇನ್ನೂ ಬಿಕ್ಕುತ್ತಿದ್ದಳು. ಸುಳ್ಳು ಸುದ್ದಿಯೇ ಖರೆ ಸುದ್ದಿಗೆ ದಾರಿ ತೋರಿಸಿಬಿಟ್ಟರೆ ಎಂಬ ಹೊಸ ಭಯ ಹೊಕ್ಕಿತು. ಮನೆಯ ಮುಂದೆ ಸಾವಿನ ಗುರುತು ಹಾಕಿ ಸಾವನ್ನು ನಾನೇ ಕರೆದೆನೇ? ಗುಡಿಸಬೇಕೇ? ಗುಡಿಸಿದರೆ ಅವಳು ಹೊರಗೆ, ಬಿಟ್ಟರೆ ಸಾವು ಒಳಗೆ. ಕಸಬರಿಗೆ ಹಿಡಿದು ಅಂಗಳದ ನಡುವೆ ನಿಂತುಬಿಟ್ಟೆ, ಬಗ್ಗಲೂ ಆಗದೆ, ಬಿಸಾಡಲೂ ಆಗದೆ.

ಹಾಗೆ ನಿಂತಿರುವಾಗಲೇ ಮತ್ತೆ ಫೋನು ಬಂದಿತು. ಸೊಸೆ ಓಡಿಬಂದು ನನ್ನ ಕಿವಿಗೆ ಹಿಡಿದಳು.

"ಅಮ್ಮಾ, ಹೋಳಿಗಿ ಊಟ ಆತೇನು?"

ಅವಳ ದನಿ. ನೆಗಡಿಯಾದ ಹಾಗಿತ್ತು, ಆದರೆ ಅವಳದೇ.

"ಎಲ್ಲಿ ಅದಿ? ನೀರಾಗಿಂದ ಬಂದ್ಯಾ?"

"ಯಾವಾಗೋ ಬಂದೇನಿ! ಮುಂಜಾನೆನ ಮುಗೀತು. ದ್ವೀಪದಾಗ ಟವರ್ ಬಂದ್ ಆಗಿತ್ತು. ಅಮ್ಮಾ, ಸಿಕ್ಕವು! ಮೂರು ಪಟ್ಟಿಯವು, ಗುಂಪಿಗೆ ಗುಂಪ ಸಿಕ್ಕವು. ಒಂದಂತೂ ನನ್ನ ಕೈಗವಸು ಕಚ್ಚಾಕ ಬಂತು. ಇಷ್ಟ ಅದಾವು, ಸೊಕ್ಕ ನೋಡಬೇಕು..."

ಅವಳು ಹೇಳುತ್ತಲೇ ಇದ್ದಳು. ನಾನು ಅಂಗಳದಲ್ಲಿ ಕುಳಿತುಬಿಟ್ಟೆ. ಬೆಳಗಿನಿಂದ ಬರದ ಅಳು ಆಗ ಬಂದಿತು, ಅದರ ಬೆನ್ನಿಗೇ ನಗು. ನಾನು ತವರು, ಅತ್ತೆಮನೆ ಎಲ್ಲ ಮರೆತು ಸಣ್ಣ ಹುಡುಗಿಯ ಹಾಗೆ ಕೂಗಿದೆನಂತೆ, ಬಂದಾಳ, ಮ್ಯಾಲೆ ಬಂದಾಳ ಎಂದು. ಮೂಲೆಮನೆಯಾಕೆ ಓಡಿಬಂದು ಅಳುತ್ತ ತಬ್ಬಿಕೊಂಡಳು. ಪಕ್ಕದ ಮನೆಯಾಕೆ ನನ್ನ ಕೈಯಿಂದ ಕಸಬರಿಗೆ ಕಿತ್ತುಕೊಂಡು ತಾನೇ ಅಂಗಳ ಗುಡಿಸಿದಳು. ಹೊತ್ತು ಮುಳುಗುವ ಹೊತ್ತಿಗೆ ನಮ್ಮ ಬಚ್ಚಲಿನಲ್ಲಿ ಹೊಗೆಯೆದ್ದಿತು. ನಮ್ಮ ಮನೆಯವರ ಮೈಮೇಲಿನ ಎಣ್ಣೆ ಹೋಗಲು ಒಂದು ಹಂಡೆ ನೀರು ಸಾಲಲಿಲ್ಲ.

ಸಂಕ್ರಾಂತಿಗೆ ಅವಳು ಬಂದಳು. ಈ ಸಲ ಗೀಟುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿದ್ದಳು. ನಮ್ಮ ದ್ವೀಪದ ಮೂರು ಪಟ್ಟೆಯವು ಪಡುವಣ ಕಡಲಿನ ಟೊಂಗೆಗೇ ಸೇರಿದವು. ಮೂಡಲಿನವು ಬೇರೆ ಮನೆ. ನೋಡಲು ಒಂದೇ ರೂಪು, ಒಡೆದು ಎಷ್ಟೋ ಕಾಲವಾಗಿದೆ. ಪಡುವಣದವಕ್ಕೆ ಹಿಂದಿನ ಕಾಲದಲ್ಲೇ ಬೇರೆ ಹೆಸರಿತ್ತಂತೆ, ನಡುವೆ ಬಿಟ್ಟುಹೋಗಿತ್ತಂತೆ, ಈಗ ಮತ್ತೆ ಬಳಕೆಗೆ ಬಂದಿದೆಯಂತೆ. ಹಳೆಯ ಅಡ್ಡಹೆಸರು ಮರಳಿ ಪಡೆದ ಮನೆಗಳನ್ನು ನಾನೂ ಕಂಡಿದ್ದೇನೆ. ಕಾಗದ ಹಿಡಿದುಕೊಂಡು ಓಣಿಯ ಮನೆಮನೆಗೆ ಹೋದೆ. ಓದಲು ಬರುವವರಿಗೂ ತಿಳಿಯಲಿಲ್ಲ, ನಾನೇ ತಿಳಿಸಿದೆ.

ತಿರುಗಿ ಬಂದು ಕುಸುರೆಳ್ಳು ಹಂಚಲು ತಟ್ಟೆಗೆ ಸುರಿಯುತ್ತ ಕೇಳಿದೆ, "ಮುಗೀತಲ್ಲವಾ? ಇನ್ನ ನೀರಿಗೆ ಇಳಿಯೂದಿಲ್ಲಲ್ಲ?"

ಅವಳು ಕಾಗದದ ಮೇಲೆ ಬರಿದಾಗಿದ್ದ ಒಂದು ಕವಲಿಗೆ ಬೆರಳಿಟ್ಟಳು. "ಈ ಟೊಂಗಿ ಉಳದೈತಿ, ಅಮ್ಮಾ. ಇದರ ಮೀನು ಕೆಂಪು ಸಮುದ್ರದಾಗ ಇರತೈತಿ."

ಕೆಂಪು ಎಂದ ಕೂಡಲೇ ಸುರಿಯುವುದನ್ನು ನಿಲ್ಲಿಸಿದೆ. ಹೆಸರಷ್ಟೇ, ನೀರು ನೀಲಿಯೇ ಎಂದಳು. ಕೆಂಪು ಎಂದು ಸುಮ್ಮನೆ ಯಾರು ಹೆಸರಿಡುತ್ತಾರೆ?

"ನನಗ ಹೇಳಬ್ಯಾಡ. ಯಾವಾಗ ಇಳೀತಿ ಅಂತ ಹೇಳಬ್ಯಾಡ. ಬಂದ ಮ್ಯಾಲ 'ಬಂದೆ' ಅನ್ನು, ಸಾಕು."

"ಆತು, ಹೇಳೂದಿಲ್ಲ," ಎಂದು ಒಪ್ಪಿಕೊಂಡಳು.

ಹಗುರಾಯಿತು. ಒಂದು ತಟ್ಟೆ ತುಂಬುವಷ್ಟು ಹೊತ್ತು ಹಗುರಾಗಿತ್ತು. ಆಮೇಲೆ ಹೊಳೆಯಿತು: ಹೇಳದಿದ್ದರೆ ಇಳಿಯುವ ದಿನ ಯಾವುದೂ ಆಗಬಹುದು. ನಾಳೆಯೂ ಅದೇ, ನಾಡಿದ್ದು ಕೂಡ ಅದೇ.

"ಬ್ಯಾಡ, ಹೇಳು," ಎಂದೆ. "ಇಳಿಯೂಕಿಂತ ಮೊದಲ ಹೇಳು."

"ಮತ್ತ ಹೆದರತೀಯಲ್ಲ?"

"ಹೆದರತೇನಿ. ಒಂದ ದಿನ ಹೆದರತೇನಿ. ನೀ ಹೇಳಲಿಲ್ಲಂದ್ರ ವರ್ಷಾ ಪೂರ್ತಿ ಹೆದರಬೇಕಾಕ್ಕೈತಿ."

ಅವಳು ನಗಲಿಲ್ಲ. ನನ್ನ ಕೈ ಹಿಡಿದು, "ಚೈತ್ರದಾಗ, ಅಮ್ಮಾ. ಅಜಮಾಸ ಯುಗಾದಿ ಮುಗದ ಮ್ಯಾಲ," ಎಂದಳು.

ಸರಿ, ತಿಂಗಳು ಗೊತ್ತಾಯಿತು, ಅಷ್ಟಾದರೂ ಆಯಿತು ಎಂದುಕೊಂಡೆ. ಆದರೂ ತಟ್ಟೆ ತುಂಬಿದ್ದು ನೋಡದೆ ಸುರಿಯುತ್ತಲೇ ಹೋದೆ, ಅರ್ಧ ಎಳ್ಳು ನೆಲಕ್ಕೆ ಚೆಲ್ಲಿತು.